ಹನ್ನೊಂದು ನೆಂಟರು, ಒಂದು ಚೆಂಡು

ನಮ್ಮ ಊರಿನಲ್ಲಿ ಭಾನುವಾರದ ದಿನ ಒಬ್ಬ ಸಂಸಾರಸ್ಥ ನೆಮ್ಮದಿಯಾಗಿ ಕೂತು ಯೋಚನೆ ಮಾಡಬೇಕೆಂದರೆ ಇರುವುದು ಒಂದೇ ಜಾಗ. ಅದು ನೀರು ಸರಬರಾಜು ಇಲಾಖೆಯ ಫುಟ್‌ಬಾಲ್ ತಂಡ ಆಡುವ ಮೈದಾನ. ಗ್ರಂಥಾಲಯಕ್ಕೆ ಹೋದರೆ ಅಲ್ಲಿ ಗೊರಕೆ ಹೊಡೆಯುವವರಾದರೂ ಇರುತ್ತಾರೆ. ನಮ್ಮ ತಂಡದ ಆಟಕ್ಕೆ ಗೊರಕೆ ಹೊಡೆಯುವವರೂ ಬರುವುದಿಲ್ಲ. ಆ ವರ್ಷ ಅದು ಸಾಲಾಗಿ ಹದಿನಾಲ್ಕು ಪಂದ್ಯ ಸೋತಿತ್ತು. ಆಟಗಾರರ ಹೆಂಡತಿಯರು ಕೂಡ ಗಂಡ ಭಾನುವಾರ ಎಲ್ಲಿಗೆ ಹೋಗುತ್ತಾನೆಂದು ಯಾರಾದರೂ ಕೇಳಿದರೆ ಮಾತು ಮರೆಸುತ್ತಿದ್ದರು.

ನಾನು ಅದೇ ಇಲಾಖೆಯ ದೂರು ವಿಭಾಗದ ಗುಮಾಸ್ತ. ಫುಟ್‌ಬಾಲಿಗೂ ನನಗೂ ಅದುವರೆಗೆ ಇದ್ದ ಸಂಬಂಧವೆಂದರೆ, ಚಿಕ್ಕಂದಿನಲ್ಲಿ ಒಮ್ಮೆ ಚೆಂಡು ಬಂದು ನನ್ನ ಮೂಗಿಗೆ ಬಡಿದಿತ್ತು, ಅಷ್ಟೇ. ಆದರೂ ಆ ಭಾನುವಾರ ನಾನು ಮೈದಾನದ ಕಟ್ಟೆಯ ಮೇಲೆ ಕೂತಿದ್ದೆ. ತೊಡೆಯ ಮೇಲೆ ಒಂದು ದೊಡ್ಡ ಹಾಳೆ, ಕೈಯಲ್ಲಿ ಪೆನ್ಸಿಲ್ಲು.

ಮುಂದಿನ ತಿಂಗಳು ನಮ್ಮ ಅತ್ತೆಯವರಿಗೆ, ಅಂದರೆ ಹೆಂಡತಿಯ ತಾಯಿಗೆ, ಎಪ್ಪತ್ತೈದು ತುಂಬುತ್ತಿತ್ತು. ಒಂದು ಹಾಲ್ ಬಾಡಿಗೆಗೆ ಹಿಡಿದು ಊಟ ಹಾಕಿಸುವುದೆಂದು ತೀರ್ಮಾನವಾಗಿತ್ತು. ಮುಖ್ಯ ಮೇಜಿಗೆ ಹನ್ನೊಂದು ಜನ. ಯಾರನ್ನು ಎಲ್ಲಿ ಕೂರಿಸಬೇಕೆಂಬ ಹೊಣೆಯನ್ನು ಹೆಂಡತಿ ನನ್ನ ಹೆಗಲಿಗೆ ಹಾಕಿದ್ದಳು. ಹನ್ನೊಂದು ಜನರನ್ನು ಕೂರಿಸುವುದು ಏನು ಮಹಾ ಎನ್ನುವವರು ನಮ್ಮ ನೆಂಟರನ್ನು ಕಂಡವರಲ್ಲ. ದೊಡ್ಡಪ್ಪನವರು ಚಿಕ್ಕಮ್ಮನ ಜೊತೆ ಮಾತು ಬಿಟ್ಟು ಒಂಬತ್ತು ವರ್ಷ. ಚಿಕ್ಕಮ್ಮ ಹೇಳಿದ ಚಾಡಿ ಮೂರು ಜನರ ಕಿವಿ ಸುತ್ತಿ ಅತ್ತೆಯವರನ್ನು ತಲುಪುತ್ತದೆ. ಅತ್ತೆಯವರು ಕೈ ತೊಳೆಯದೆ ಯಾರೂ ಊಟಕ್ಕೆ ಕೂರುವಂತಿಲ್ಲ. ಇದನ್ನೆಲ್ಲ ನಾನು ಸೊನ್ನೆ, ಬಾಣ, ಗೆರೆಗಳಲ್ಲಿ ಬರೆದಿದ್ದೆ. ದಪ್ಪ ಬಾಣವೆಂದರೆ ಜಗಳ, ಚುಕ್ಕೆ ಗೆರೆಯೆಂದರೆ ಮಾತಿಲ್ಲ, ಸೊಟ್ಟ ಗೆರೆಯೆಂದರೆ ಚಾಡಿ ಹೋಗುವ ದಾರಿ.

"ಇದು ನೀವು ಬರೆದಿದ್ದಾ ಸಾರ್?" ಎಂದು ಬೆನ್ನ ಹಿಂದಿನಿಂದ ಯಾರೋ ಕೇಳಿದರು. ತಿರುಗಿ ನೋಡಿದರೆ ತಂಡದ ಕೋಚು. ನಿವೃತ್ತ ಬಸ್ ಡ್ರೈವರು. ಹದಿನೈದು ವರ್ಷದಿಂದ ಆ ತಂಡವನ್ನು ಸಾಕುತ್ತಿದ್ದರು.

"ಹೌದು," ಎಂದೆ.

"ಹನ್ನೊಂದು ಜನಾನೂ ಹಾಕಿದೀರಾ!"

"ಒಬ್ಬರನ್ನ ಬಿಟ್ಟರೂ ಆಮೇಲೆ ನನ್ನನ್ನ ಬಿಡಲ್ಲ."

"ಈ ದೊಡ್ಡ ಸೊನ್ನೆ ಯಾರು?"

"ಅಯ್ಯೋ, ಅದು ಬರೀ ಸದ್ದು. ನಿಂತ ಜಾಗ ಬಿಟ್ಟು ಕದಲಲ್ಲ. ಬಲಗಡೆ ತಿರುಗೋಕೆ ಆಗಲ್ಲ, ಕುತ್ತಿಗೆ ಹಿಡ್ಕೊಂಡಿದೆ."

ಕೋಚು ಮೈದಾನದ ಕಡೆ ನೋಡಿದರು. ಎದುರಾಳಿ ತಂಡದ ದಢೂತಿ ಆಟಗಾರನೊಬ್ಬ ನಿಜಕ್ಕೂ ನಿಂತಲ್ಲೇ ನಿಂತು ಕೂಗಾಡುತ್ತಿದ್ದ. ಕೋಚಿನ ಬಾಯಿ ತೆರೆದುಕೊಂಡಿತು.

"ಈ ಸೊಟ್ಟ ಗೆರೆ?"

"ಅದೇ ಅಪಾಯ. ಇಲ್ಲಿಂದ ಹೊರಟು, ಯಾರಿಗೂ ಗೊತ್ತಾಗದ ಹಾಗೆ ಹಿಂದಿನಿಂದ ಸುತ್ತಿಕೊಂಡು ಬಂದು ಸೀದಾ ಇಲ್ಲಿಗೆ ತಲುಪುತ್ತೆ. ನಮಗೆ ತಿಳಿಯೋ ಹೊತ್ತಿಗೆ ಅನಾಹುತ ಆಗಿಹೋಗಿರುತ್ತೆ."

ನನ್ನ ಮಾತು ಮುಗಿಯುವುದಕ್ಕೂ, ಎದುರಾಳಿಯೊಬ್ಬ ಹಿಂದಿನಿಂದ ಸುತ್ತಿ ಬಂದು ನಮ್ಮವರಿಗೆ ಐದನೇ ಗೋಲು ಹೊಡೆಯುವುದಕ್ಕೂ ಸರಿಹೋಯಿತು. ಕೋಚು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಸಾರ್, ನೀವು ಆಟದ ವಿಶ್ಲೇಷಕರು ಅಂತ ನಮಗೆ ಯಾರೂ ಹೇಳಲೇ ಇಲ್ಲವಲ್ಲ!"

ಸತ್ಯ ಹೇಳಲು ಮನುಷ್ಯನಿಗೆ ಸಿಗುವುದು ಒಂದೇ ಕ್ಷಣ. ಆ ಕ್ಷಣದಲ್ಲಿ ನಾನು, "ಏನೋ, ಅಲ್ಪಸ್ವಲ್ಪ," ಎಂದುಬಿಟ್ಟೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾರೂ ನನ್ನ ಕೈ ಹಿಡಿದುಕೊಂಡಿರಲಿಲ್ಲ. ಹಿಡಿದವರೆಲ್ಲ ಕೊರಳಪಟ್ಟಿ ಹಿಡಿದವರೇ.

ಕೋಚು ತಮ್ಮ ಕಷ್ಟ ತೋಡಿಕೊಂಡರು. ಇಡೀ ವರ್ಷದಲ್ಲಿ ಒಂದು ಅಂಕವನ್ನೂ ಗಳಿಸದ ತಂಡವನ್ನು ಲೀಗಿನಿಂದ ತೆಗೆದುಹಾಕುತ್ತಾರೆ. ಹಾಗಾದರೆ ತಂಡವನ್ನು ಮುಚ್ಚಿ, ಅವರ ಕೋಣೆಯನ್ನು ಪೈಪುಗಳ ಗೋದಾಮು ಮಾಡುವುದಾಗಿ ನಮ್ಮ ಹಿರಿಯ ಅಧಿಕಾರಿ ಆಗಲೇ ಹೇಳಿದ್ದರು. ಉಳಿದಿರುವುದು ಎರಡೇ ಪಂದ್ಯ. ಗೆಲ್ಲಬೇಕಾಗಿಲ್ಲ, ಒಂದು ಡ್ರಾ ಆದರೆ ಸಾಕು, ಒಂದು ಅಂಕ ಬರುತ್ತದೆ.

"ಓಡೋದು ಕಲಿಸಿದೀನಿ ಸಾರ್. ಯೋಚನೆ ಮಾಡೋದು ಕಲಿಸೋಕೆ ನನಗೆ ಬರಲ್ಲ. ಅದೊಂದು ನೀವು ಕಲಿಸಿಕೊಡಿ."

ನಾನು ಆ ಮುದುಕರ ಮುಖ ನೋಡಿದೆ. ಈ ತಂಡಕ್ಕೆ ಒಂದು ಅಂಕ ತಂದುಕೊಡದೆ ಬಿಡುವುದಿಲ್ಲವೆಂದು ಅಲ್ಲೇ ನಿಶ್ಚಯಿಸಿದೆ. ಹಠ ಹಿಡಿದರೆ ನಾನು ಉಡದ ಹಾಗೆ. ಏನನ್ನು ಹಿಡಿದಿದ್ದೇನೆಂದು ಗೊತ್ತಿಲ್ಲದಿದ್ದರೂ ಬಿಡುವವನಲ್ಲ.

ಮಂಗಳವಾರ ಸಂಜೆ ಆಟಗಾರರ ಕೋಣೆಯಲ್ಲಿ ಮೊದಲ ಪಾಠ. ಕೋಚು ನನ್ನ ಹಾಳೆಯನ್ನು ಆಗಲೇ ಗೋಡೆಗೆ ಅಂಟಿಸಿದ್ದರು. ಬೆಂಚಿನ ಮೇಲೆ ಹನ್ನೊಂದು ಜನ. ಇಲಾಖೆಯಲ್ಲಿ ಆಡುವವರು ಸಾಲದೆ ಕಚೇರಿಯ ಎದುರಿಗೆ ಕಟಿಂಗ್ ಶಾಪ್ ಇಟ್ಟವನನ್ನು ಗೋಲ್‌ಕೀಪರ್ ಮಾಡಿಕೊಂಡಿದ್ದರು. ಮುಂದಿನ ಸಾಲಿನ ಆಟಗಾರ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವನು. ಮಿಕ್ಕವರು ಪೈಪಿನವರು, ಪಂಪಿನವರು.

ನನಗೆ ಗೊತ್ತಿದ್ದುದು ಏನೂ ಇಲ್ಲವಾದ್ದರಿಂದ ಪ್ರಶ್ನೆ ಕೇಳುವುದೊಂದೇ ದಾರಿಯಾಗಿತ್ತು.

"ಮೊನ್ನೆ ಐದನೇ ಗೋಲು ಯಾಕಾಯ್ತು?" ಎಂದು ಕಟಿಂಗ್ ಶಾಪಿನವನನ್ನು ಕೇಳಿದೆ.

"ಬಾಲ್ ಒಳಗೆ ಬಂತು ಸಾರ್."

"ಯಾಕೆ ಬಂತು?"

"ಅವನು ಒದ್ದ."

"ಒದೆಯೋಕೆ ಅವನಿಗೆ ಜಾಗ ಯಾಕೆ ಸಿಕ್ತು?"

ಉತ್ತರ ನನಗಂತೂ ತಿಳಿದಿರಲಿಲ್ಲ. ಆದ್ದರಿಂದ, "ನಿಮಗೇನನ್ಸುತ್ತೆ?" ಎಂದೆ.

ಪಂಪಿನವನೊಬ್ಬ ತಲೆ ಕೆರೆದುಕೊಂಡು ಎದ್ದ. "ಅವನ ಹತ್ತಿರ ನಾನಿರಬೇಕಿತ್ತು ಸಾರ್. ನಾನು ಬಾಲ್ ಹಿಂದೆ ಹೋಗಿದ್ದೆ."

"ಬಾಲ್ ಹಿಂದೆ ಇನ್ಯಾರು ಹೋಗಿದ್ರು?"

ಒಂದು ಕೈ ಎದ್ದಿತು. ಎರಡಾಯಿತು. ಕೊನೆಗೆ ಹತ್ತೂ ಕೈಗಳು ಮೇಲಿದ್ದವು. ಕೈಗಳನ್ನು ನೋಡಿ ಅವರಿಗೇ ನಗು ಬಂತು. ಕೋಚು ಮಾತ್ರ ನಗಲಿಲ್ಲ. ಹದಿನೈದು ವರ್ಷದಿಂದ "ಬಾಲ್ ಹಿಂದೆ ಓಡ್ರೋ" ಎಂದು ಕೂಗುತ್ತಿದ್ದವರು ಅವರೇ.

ಎಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ನನ್ನ ನಾಲಿಗೆ ಜಾರಿತು. ಹಾಳೆ ತೋರಿಸುತ್ತಾ, "ಈ ದೊಡ್ಡಪ್ಪ ಇದಾರಲ್ಲ..." ಎಂದುಬಿಟ್ಟೆ.

"ದೊಡ್ಡಪ್ಪ ಯಾರು ಸಾರ್?" ಎಂದ ಮೀಟರಿನವನು.

ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! "ಗುಟ್ಟಿನ ಹೆಸರು," ಎಂದೆ. "ಮೈದಾನದಲ್ಲಿ 'ನಾಲ್ಕನೇ ನಂಬರ್‌ನ ಹಿಡಿ' ಅಂತ ಕೂಗಿದ್ರೆ ಎದುರಾಳಿಗೆ ಗೊತ್ತಾಗಲ್ವಾ? ಅದಕ್ಕೇ ಹೀಗೆ. ದಢೂತಿ ಆಸಾಮಿ ದೊಡ್ಡಪ್ಪ. ಎಲ್ಲ ಕಡೆ ನುಸುಳೋನು ಚಿಕ್ಕಮ್ಮ. ಯಾರನ್ನ ಕೇಳದೆ ತಂಡದಲ್ಲಿ ಏನೂ ನಡೆಯಲ್ವೋ ಅವನು ಅತ್ತೆ."

ಅವರ ಮುಖಗಳು ಅರಳಿದವು. ಎದುರಾಳಿ ತಂಡವನ್ನು ಅವರು ಅದುವರೆಗೆ ಹನ್ನೊಂದು ರಾಕ್ಷಸರೆಂದು ತಿಳಿದಿದ್ದರು. ಅವರೂ ನೆಂಟರೇ ಎಂದಾದ ಮೇಲೆ ಹೆದರಿಕೆ ಅರ್ಧ ಇಳಿಯಿತು. ನೆಂಟರ ಜೊತೆ ಹೇಗಾದರೂ ಬಾಳುವುದು ಎಲ್ಲರಿಗೂ ಗೊತ್ತಿರುತ್ತದೆ.

ವಿಚಾರ ಮಾಡುವುದು ಕಜ್ಜಿಯ ಹಾಗೆ, ಹಿಡಿದರೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಗುರುವಾರ ಬೆಳಿಗ್ಗೆ ಪಕ್ಕದ ಮನೆಯ ಮೇಷ್ಟ್ರು ಒಂದು ಕೆನ್ನೆಗೆ ಸೋಪಿನ ನೊರೆ ಮೆತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. ಇನ್ನೊಂದು ಕೆನ್ನೆ ನುಣ್ಣಗಿತ್ತು.

"ಏನ್ರೀ ಇದು? ಅರ್ಧ ಗಡ್ಡ ತೆಗೆದು ಕತ್ತಿ ಕೆಳಗಿಟ್ಟು ಕೂತಿದಾನೆ ನಿಮ್ಮ ಶಿಷ್ಯ! ಏನಯ್ಯಾ ಅಂದ್ರೆ, 'ಇರಿ ಮೇಷ್ಟ್ರೇ, ಮೂರನೇ ಗೋಲಿಗೆ ನಾನು ಎಡಗಡೆ ಯಾಕೆ ಹಾರಿದೆ ಅಂತ ಈಗ ಹೊಳೀತು' ಅಂತ ಸೀಮೆಸುಣ್ಣ ತಗೊಂಡು ಕನ್ನಡಿ ಮೇಲೆ ಬರೀತಿದಾನೆ. ನನಗೆ ಹತ್ತು ಗಂಟೆಗೆ ಕ್ಲಾಸಿದೆ!"

ಅವರನ್ನು ಸಮಾಧಾನ ಮಾಡಿ ಕಚೇರಿಗೆ ಹೋದರೆ ಅಧಿಕಾರಿಗಳಿಂದ ಕರೆ. ಅವರ ಎದುರಿಗೆ ಮೀಟರಿನವನು ಕೈಕಟ್ಟಿ ನಿಂತಿದ್ದ.

"ಈತನಿಗೆ ಮೀಟರ್ ಓದೋ ಕೆಲಸ ಕೊಟ್ಟಿದ್ದೀವಿ," ಎಂದರು ಅಧಿಕಾರಿಗಳು. "ನಮ್ಮ ಮನೆಗೆ ಬಂದು ನಮ್ಮ ಮನೆಯವರನ್ನ ಕೇಳ್ತಾನಂತೆ, 'ಅಮ್ಮಾ, ಮೂರು ವರ್ಷದಿಂದ ನಿಮ್ಮ ಮೀಟರ್ ಒಂದೇ ನಂಬರ್ ತೋರಿಸ್ತಿದೆ, ನಿಮ್ಮನೇಲಿ ನೀರು ಬರ್ತಾನೇ ಇದೆ, ಯಾಕಿರಬಹುದು, ನಿಮಗೇನನ್ಸುತ್ತೆ' ಅಂತ!"

"ಅವರಿಗೇನನ್ನಿಸ್ತಂತೆ ಸಾರ್?" ಎಂದು ಕೇಳಿ ನಾನು ತಕ್ಷಣ ನಾಲಿಗೆ ಕಚ್ಚಿಕೊಂಡೆ.

ಅಧಿಕಾರಿಗಳ ಮುಖ ಕೆಂಪಾಯಿತು. "ನೋಡ್ರೀ, ಕೊನೇ ಪಂದ್ಯಕ್ಕೆ ನಾನೂ ಮೈದಾನಕ್ಕೆ ಬರ್ತೀನಿ. ಒಂದು ಅಂಕ ಬರದೇ ಇದ್ರೆ ಮಾರನೇ ದಿನವೇ ಆ ಕೋಣೆಗೆ ಪೈಪ್ ತುಂಬಿಸ್ತೀನಿ. ಪೈಪುಗಳು ಪ್ರಶ್ನೆ ಕೇಳಲ್ಲ."

ಅದಕ್ಕೆ ಮುಂಚಿನ ಆ ಭಾನುವಾರದ ಪಂದ್ಯವನ್ನು ನೆನೆಯದಿರುವುದೇ ಒಳ್ಳೆಯದು. ಆದರೂ ಹೇಳುತ್ತೇನೆ. ನಮ್ಮ ಹುಡುಗರು ಚೆಂಡು ಕಾಲಿಗೆ ಬಂದ ಕೂಡಲೇ ನಿಂತು ಯೋಚಿಸತೊಡಗಿದರು. ಪಂಪಿನವನು ಗಲ್ಲದ ಮೇಲೆ ಬೆರಳಿಟ್ಟ. ಮೀಟರಿನವನು ಆಕಾಶ ನೋಡಿದ. ಇಬ್ಬರು ಪೈಪಿನವರು ಮೈದಾನದ ನಟ್ಟನಡುವೆ ವಾದಕ್ಕೆ ಬಿದ್ದರು. ಅಷ್ಟರಲ್ಲಿ ಎದುರಾಳಿ ಬಂದು, ಬಾಗಿಲು ತೆರೆದಿಟ್ಟ ಮನೆಯಿಂದ ಸಾಮಾನು ಎತ್ತಿಕೊಂಡು ಹೋಗುವಂತೆ ಚೆಂಡನ್ನು ಎತ್ತಿಕೊಂಡು ಹೋದ. ಏಳು ಗೋಲು. ಕೋಚು ತಲೆಯ ಮೇಲೆ ಕೈ ಹೊತ್ತು ಕೂತರು.

"ಸಾರ್, ಮೊದಲು ಯೋಚನೆ ಮಾಡದೆ ಐದರಲ್ಲಿ ಸೋಲ್ತಿದ್ವಿ," ಎಂದರು. "ಈಗ ಯೋಚನೆ ಮಾಡಿ ಏಳರಲ್ಲಿ ಸೋತ್ವಿ."

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕೈಬಿಡುತ್ತಿದ್ದರು. ನಾನು ಬಿಡಲಿಲ್ಲ. ಯೋಚನೆ ಚೆಂಡು ಬರುವ ಮೊದಲೇ ಮುಗಿದಿರಬೇಕು ಎಂಬುದನ್ನು ಹುಡುಗರೇ ಕಂಡುಕೊಂಡರು. ನಾನು "ಅದನ್ನೇ ನಾನು ಹೇಳ್ತಾ ಬಂದಿದ್ದು," ಎಂದೆ. ಮುಂದಿನ ಎರಡು ವಾರ ದಿನವೂ ಸಂಜೆ ಪಾಠ. ಕೊನೆಯ ಪಂದ್ಯ ಇಟ್ಟಿಗೆ ಕಾರ್ಖಾನೆಯವರ ಮೇಲೆ. ನಾನು, ಕಟಿಂಗ್ ಶಾಪಿನವನು, ಮೀಟರಿನವನು ಮೂವರೂ ಹೋಗಿ ಅವರ ಆಟ ನೋಡಿಬಂದೆವು. ಅವರಲ್ಲೂ ಒಬ್ಬ ದಢೂತಿ ದೊಡ್ಡಪ್ಪ, ಒಬ್ಬ ನುಸುಳುವ ಚಿಕ್ಕಮ್ಮ ಇದ್ದರು. ಅವರ ನಾಯಕನೇ ಅತ್ತೆ, ಚೆಂಡು ಆತನನ್ನು ಮುಟ್ಟದೆ ಮುಂದೆ ಹೋಗುತ್ತಿರಲಿಲ್ಲ. ನಾನು ನನ್ನ ಮಹಾಯೋಜನೆ ಹಾಕಿಕೊಟ್ಟೆ: ಇಬ್ಬರು ಅತ್ತೆಗೆ ಅಂಟಿಕೊಂಡಿರಬೇಕು. ಅತ್ತೆ ಸುಮ್ಮನಾದರೆ ಮನೆಯೇ ನಿಂತುಹೋಗುತ್ತದೆ. ಇದು ನನ್ನ ಇಪ್ಪತ್ತು ವರ್ಷದ ಸಂಸಾರದ ಅನುಭವವಾಗಿತ್ತು.

ಈ ಗಡಿಬಿಡಿಯಲ್ಲಿ ನಾನು ಒಂದು ವಿಷಯ ಗಮನಿಸಲಿಲ್ಲ. ಅತ್ತೆಯವರ ಹುಟ್ಟುಹಬ್ಬದ ಊಟ ಮತ್ತು ಕೊನೆಯ ಪಂದ್ಯ ಎರಡೂ ಒಂದೇ ಭಾನುವಾರ. ಊಟ ಹನ್ನೆರಡಕ್ಕೆ, ಆಟ ನಾಲ್ಕಕ್ಕೆ. ನನ್ನ ಹಾಳೆ ಆಟಗಾರರ ಕೋಣೆಯ ಗೋಡೆಯ ಮೇಲಿದ್ದುದರಿಂದ ನೆಂಟರನ್ನು ನೆನಪಿನ ಮೇಲೆ ಕೂರಿಸಿದೆ. ದೊಡ್ಡಪ್ಪನವರು ಚಿಕ್ಕಮ್ಮನ ಎದುರಿಗೇ ಬಂದರು. ಇಬ್ಬರೂ ಉಪ್ಪು ಬೇಕಾದಾಗಲೆಲ್ಲ ನನ್ನ ಕೈಲಿ ಕೇಳಿಸಿದರು. ಊಟ ಮುಗಿಸಿ ನಾನು ಮೆಲ್ಲನೆ ಜಾರಿಕೊಳ್ಳುತ್ತಿದ್ದಾಗ ನನ್ನ ಬಾಮೈದ ಎದ್ದು ನಿಂತು ಘೋಷಿಸಿದ.

"ಎಲ್ಲರೂ ಕೇಳಿ! ಬಾವ ಫುಟ್‌ಬಾಲ್ ಟೀಮಿಗೆ ಪಾಠ ಹೇಳ್ತಿದಾರೆ. ವ್ಯಾನ್ ತಂದಿದೀನಿ. ಎಲ್ಲರೂ ಹೋಗಿ ಬಾವನ ಹುಡುಗರು ಆಡೋದು ನೋಡೋಣ!"

"ಬೇಡಪ್ಪಾ, ಬಿಸಿಲು," ಎಂದೆ.

"ಮೋಡ ಮುಚ್ಚಿದೆಯಲ್ರೀ," ಎಂದಳು ಹೆಂಡತಿ.

ನಾಲ್ಕು ಗಂಟೆಗೆ ಹನ್ನೊಂದು ನೆಂಟರೂ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಆ ಮೈದಾನ ಕಂಡ ಅತಿ ದೊಡ್ಡ ಪ್ರೇಕ್ಷಕ ಸಮೂಹ ಅದೇ. ಸ್ವಲ್ಪ ದೂರದಲ್ಲಿ ಅಧಿಕಾರಿಗಳು ಗೋದಾಮಿನ ಅಳತೆಗೆಂದು ಟೇಪನ್ನೇ ತಂದು ಕೂತಿದ್ದರು. ಸೀಟಿ ಕೇಳಿಸಿತು. ಎರಡು ನಿಮಿಷ ಶಾಂತಿಯಿತ್ತು. ಆಮೇಲೆ ಕಟಿಂಗ್ ಶಾಪಿನವನ ಕಂಚಿನ ಕಂಠ ಮೊಳಗಿತು.

"ದೊಡ್ಡಪ್ಪನ್ನ ಬಿಡಿ! ಅದು ಬರೀ ಸದ್ದು! ಬಲಗಡೆ ತಿರುಗೋಕಾಗಲ್ಲ ಮುದುಕನಿಗೆ!"

ಕಟ್ಟೆಯ ಮೇಲೆ ದೊಡ್ಡಪ್ಪನವರು ಎದ್ದು ನಿಂತು, ಬಲಗಡೆ ತಿರುಗಲಾಗದೆ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದರು. "ಏನೋ ಇದು? ನನ್ನ ಕುತ್ತಿಗೆ ವಿಷಯ ಊರಿಗೆಲ್ಲ ಸಾರಿದೀಯಾ?"

"ಚಿಕ್ಕಮ್ಮ ಹಿಂದಿನಿಂದ ಬರ್ತಿದಾಳೆ! ನಂಬಬೇಡಿ ಅವಳನ್ನ! ಅಡ್ಡ ಹಾಕಿ!" ಎಂದು ಪಂಪಿನವನು ಕೂಗಿದ.

"ಅಡ್ಡ ಹಾಕಬೇಕಂತೆ ನನ್ನ!" ಚಿಕ್ಕಮ್ಮ ಎದೆ ಮುಟ್ಟಿಕೊಂಡರು. "ನಾನು ಇಲ್ಲಿ ನನ್ನ ಪಾಡಿಗೆ ಕೂತಿದೀನಿ!"

ಹೆಂಡತಿ ನನ್ನ ತೋಳು ಚಿವುಟಿದಳು. "ರೀ, ಅಮ್ಮನ ಹೆಸರು ಒಂದು ಬಾಯಿಗೆ ಬಂತೋ, ಇವತ್ತು ನೀವು ಈ ಕಟ್ಟೆ ಮೇಲೇ ಮಲಗೋದು."

"ಅತ್ತೆನ ಹಿಡ್ಕೊಳ್ರೋ!" ಎಂದು ಮೀಟರಿನವನು ಕೂಗಿದ. "ಎರಡೂ ಕಡೆಯಿಂದ ಅದುಮಿ! ಅವರಿಗೆ ಏನೂ ಸಿಗಬಾರದು!" ಅತ್ತೆಗೆ ಮಾತ್ರ ಬಹುವಚನ ಬಳಸಬೇಕೆಂದು ನಾನು ಪಾಠದಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದೆ. ಆ ಮರ್ಯಾದೆ ಈಗ ಯಾರ ಕಣ್ಣಿಗೂ ಬೀಳಲಿಲ್ಲ.

ಅತ್ತೆಯವರು ಕನ್ನಡಕ ಸರಿಮಾಡಿಕೊಂಡು, "ನಾನು ಯಾರಪ್ಪಾ ಅಲ್ಲಿ?" ಎಂದರು.

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಅಗೋ, ಕೈಗೆ ಕೆಂಪು ಪಟ್ಟಿ ಕಟ್ಟಿದಾನಲ್ಲ, ನಾಯಕ."

"ಓ, ನಾಯಕನಾ?" ಎಂದು ಅವರು ನೆಟ್ಟಗೆ ಕೂತರು. ಆಮೇಲೆ ಪಂದ್ಯ ಮುಗಿಯುವವರೆಗೂ ಅವರು ಎದುರಾಳಿ ತಂಡದ ಪರವಾಗಿದ್ದರು.

ಇಷ್ಟಾದರೂ ನನ್ನ ಮಹಾಯೋಜನೆ ಫಲಿಸಿದ್ದರೆ ಸಹಿಸಬಹುದಿತ್ತು. ಅರ್ಧ ಆಟದ ಹೊತ್ತಿಗೆ ಇಟ್ಟಿಗೆಯವರು ಎರಡು ಗೋಲು ಹೊಡೆದಿದ್ದರು, ನಮ್ಮದು ಸೊನ್ನೆ. ನಾನು ನೆಂಟರ ನೋಟಗಳನ್ನು ದಾಟಿಕೊಂಡು ಕೋಣೆಗೆ ಓಡಿದೆ.

"ಹೆದರಬೇಡಿ!" ಎಂದೆ. "ಯೋಜನೆ ಸರಿಯಾಗೇ ಇದೆ. ಅತ್ತೆಗೆ ಇಬ್ಬರು ಸಾಲದು, ಮೂವರು ಹಾಕಿ!"

ಕಟಿಂಗ್ ಶಾಪಿನವನು ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ಮೆಲ್ಲನೆ ತೆಗೆದುಕೊಂಡ.

"ತಪ್ಪು ತಿಳ್ಕೋಬೇಡಿ ಸಾರ್. ಯೋಜನೆನೇ ತಪ್ಪು."

"ಯಾಕೆ?" ಎಂದೆ. ಅಭ್ಯಾಸಬಲ.

"ನಮ್ಮವರಿಬ್ಬರು ಹಿಡ್ಕೊಂಡಿದಾರೆ ಅಂತ ಅತ್ತೆಯವರಿಗೆ ಹತ್ತೇ ನಿಮಿಷದಲ್ಲಿ ಗೊತ್ತಾಯ್ತು. ಬೇಕು ಅಂತಲೇ ಹಿಂದಕ್ಕೆ ಹೋಗಿ ನಿಂತ್ರು. ಅವರಿಬ್ಬರನ್ನೂ ಹಿಂದೆ ಎಳ್ಕೊಂಡು ಹೋದ್ರು. ನಡುವೆ ಖಾಲಿ ಆಯ್ತಲ್ಲ, ಅಲ್ಲಿ ಚಿಕ್ಕಮ್ಮ ನುಗ್ಗಿದಳು. ಎರಡೂ ಗೋಲು ಅಲ್ಲೇ ಆಗಿದ್ದು."

ಮೀಟರಿನವನು ಎದ್ದ. "ದೊಡ್ಡಪ್ಪನ ವಿಷಯಾನೂ ತಪ್ಪು ಸಾರ್. ಹನ್ನೆರಡು ಸಲ ಬಾಲ್ ಬಂತು ಅವನ ಹತ್ರ, ಎಣಿಸಿದೀನಿ. ಹನ್ನೆರಡು ಸಲಾನೂ ಬಲಗಡೆ ಚೆನ್ನಾಗೇ ತಿರುಗಿದ. ಎಡಗಡೆ ತಿರುಗೋಕೇ ಅವನಿಗೆ ಆಗದೇ ಇರೋದು."

ಪಂಪಿನವನು ಹೇಳಿದ, "ಅತ್ತೆಯವರನ್ನ ಅವರ ಪಾಡಿಗೆ ಬಿಡೋಣ. ಬಾಲ್ ಇಟ್ಕೊಳ್ಳಲಿ. ಕೊಡೋಕೆ ಯಾರೂ ಸಿಗದ ಹಾಗೆ ಮಾಡೋಣ. ಚಿಕ್ಕಮ್ಮನ ದಾರಿಗೆ ನಾನು ನಿಲ್ತೀನಿ."

"ನಾನೇನು ಮಾಡ್ಲಿ?" ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೀವು ಅಲ್ಲಿ ಕೂತಿರಿ ಸಾರ್," ಎಂದ ಕಟಿಂಗ್ ಶಾಪಿನವನು. "ನೀರು ಕುಡೀರಿ."

ನಾನು ಕೂತೆ. ಪಕ್ಕದಲ್ಲಿ ಕೋಚು ಕೂತರು. ಇಬ್ಬರೂ ನೀರು ಕುಡಿದೆವು. ಎರಡನೇ ಅರ್ಧದಲ್ಲಿ ಇಟ್ಟಿಗೆಯವರ ನಾಯಕನ ಕಾಲಲ್ಲಿ ಚೆಂಡಿತ್ತು, ಆದರೆ ಕೊಡಲು ಜನವಿರಲಿಲ್ಲ. ಅಂಚೆಯವನ ಹಾಗೆ ಚೆಂಡು ಹಿಡಿದು ಮನೆಮನೆ ಹುಡುಕಿದ. ಪಂಪಿನವನು ಚಿಕ್ಕಮ್ಮನಿಗೆ ನೆರಳಾಗಿಬಿಟ್ಟ. ಐವತ್ತೆಂಟನೇ ನಿಮಿಷದಲ್ಲಿ ಪೈಪಿನವನೊಬ್ಬ ದೊಡ್ಡಪ್ಪನ ಎಡಗಡೆಯಿಂದ ನುಗ್ಗಿ ಗೋಲು ಹೊಡೆದ. ದಢೂತಿ ಇನ್ನೂ ತಿರುಗುತ್ತಲೇ ಇದ್ದ.

"ಭಲೇ! ನೋಡಿದ್ಯಾ, ನನಗೆ ಆಗದಿರೋದು ಎಡಗಡೆ, ಬಲಗಡೆ ತಿರುಗ್ತೀನಿ ನಾನು!" ಎಂದು ಕಟ್ಟೆಯ ಮೇಲೆ ದೊಡ್ಡಪ್ಪನವರು ಚಿಕ್ಕಮ್ಮನ ಭುಜ ತಟ್ಟಿದರು. ಒಂಬತ್ತು ವರ್ಷದ ಮೌನ ಹಾಗೆ ಮುರಿಯಿತು. ಏನಾಯಿತೆಂದು ಅವರಿಬ್ಬರಿಗೂ ತಿಳಿದದ್ದು ಆಮೇಲೆ. ತಿಳಿದ ಮೇಲೆ ಇಬ್ಬರೂ ಮುಖ ಗಂಟಿಕ್ಕಿಕೊಂಡರು.

ಇನ್ನು ಮೂರೇ ನಿಮಿಷ. ಮೀಟರಿನವನು ಚೆಂಡಿನೊಂದಿಗೆ ಒಬ್ಬನೇ ಗೋಲ್‌ಕೀಪರಿನ ಎದುರು ಬಂದ. ಬಂದವನು ನಿಂತುಬಿಟ್ಟ.

"ಯೋಚನೆ ಮಾಡಬೇಡ್ವೋ! ಒದೆಯೋ!" ಎಂದು ಚೀರಿದವನು ನಾನೇ. ಯೋಚನೆ ಮಾಡುವುದನ್ನು ಕಲಿಸಿದ ಗುರು ನಾನೇ ಎಂಬುದು ಆಗ ನೆನಪಿಗೆ ಬರಲಿಲ್ಲ. ಕೋಚು ಕಣ್ಣು ಮುಚ್ಚಿಕೊಂಡರು. ಅಧಿಕಾರಿಗಳು ಟೇಪನ್ನು ಹಿಸುಕುತ್ತಾ ಎದ್ದು ನಿಂತರು. ಗೋಲ್‌ಕೀಪರ್ ಒಂದು ಕ್ಷಣ ಕಾದ, ಇನ್ನೊಂದು ಕ್ಷಣ ಕಾದ. ಮೂರನೆಯದಕ್ಕೆ ತಾಳ್ಮೆ ತಪ್ಪಿ ಎಡಕ್ಕೆ ಹಾರಿದ. ಮೀಟರಿನವನು ಚೆಂಡನ್ನು ಬಲಕ್ಕೆ ಉರುಳಿಸಿದ. ಅದು ಅವಸರವಿಲ್ಲದೆ ಒಳಗೆ ಹೋಗಿ ನಿಂತಿತು.

ಎರಡು-ಎರಡು. ಡ್ರಾ. ಒಂದು ಅಂಕ. ಕೋಚು ಮೈದಾನದೊಳಗೆ ಓಡಿದರು. ಎಲ್ಲರಿಗೂ ಓಡ್ರೋ ಓಡ್ರೋ ಎಂದು ಹೇಳಿಕೊಂಡೇ ಬಂದ ಮನುಷ್ಯ ತಾವೇ ಓಡಿದ್ದನ್ನು ನಾನು ಕಂಡದ್ದು ಅಂದೇ. ನಾನು ಅತ್ತುಬಿಟ್ಟೆ. ಬಿಸಿಲಿಗೆ ಕಣ್ಣು ನೀರಾಯಿತೆಂದು ಹೆಂಡತಿಗೆ ಹೇಳೋಣವೆಂದರೆ ಬಿಸಿಲೂ ಇರಲಿಲ್ಲ. ಅಧಿಕಾರಿಗಳು ಟೇಪನ್ನು ಜೇಬಿಗೆ ಹಾಕಿಕೊಂಡು ಯಾರ ಮುಖವನ್ನೂ ನೋಡದೆ ನಡೆದರು.

ನೆಂಟರೆಲ್ಲ ವ್ಯಾನ್ ಹತ್ತಿದ ಮೇಲೆ ನಾನು ಕೋಣೆಗೆ ಹೋದೆ. ಒಂದು ಅಂಕ ಸಿಕ್ಕ ಮೇಲೆ ಸತ್ಯ ಹೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿದ್ದೆ.

"ನಿಮಗೆ ಒಂದು ಮಾತು ಹೇಳಬೇಕು. ನನಗೆ ಫುಟ್‌ಬಾಲ್..."

"ಬರಲ್ಲ ಅಂತ ಗೊತ್ತು ಸಾರ್," ಎಂದ ಕಟಿಂಗ್ ಶಾಪಿನವನು.

"ಯಾವಾಗಿಂದ?"

"ಮೂರನೇ ಪಾಠದಿಂದ. ಯಾಕೆ ಅಂತ ಕೇಳೋಕೆ ನೀವೇ ಹೇಳಿಕೊಟ್ರಿ. ಈ ಸಾರ್ ಯಾಕೆ ಒಂದು ಸಲಾನೂ ಬಾಲ್ ಮುಟ್ಟಲ್ಲ ಅಂತ ಕೇಳ್ಕೊಂಡ್ವಿ."

"ಮತ್ತೆ ಯಾಕೆ ಓಡಿಸಲಿಲ್ಲ ನನ್ನ?"

ಅವನು ಕೈಗವಸು ಕಳಚುತ್ತಾ ಹೇಳಿದ. "ನಾನು ಕತ್ತರಿ ಹಿಡಿದು ಹದಿನೆಂಟು ವರ್ಷ ಆಯ್ತು. ದಿನಾ ಮೂವತ್ತು ಜನ ನನಗೆ ಏನು ಮಾಡಬೇಕು ಅಂತ ಹೇಳ್ತಾರೆ. ನಿನಗೇನನ್ಸುತ್ತೆ ಅಂತ ಕೇಳಿದೋರು ನೀವೊಬ್ರೇ."

"ಹಾಗಾದ್ರೆ ಮುಂದಿನ ವರ್ಷವೂ ಬರಲಾ?" ಎಂದೆ.

ಹನ್ನೊಂದು ಜನರೂ ಮೂಲೆಗೆ ಹೋಗಿ ತಲೆಗೆ ತಲೆ ತಾಗಿಸಿ ನಿಂತರು. ಏಳು ನಿಮಿಷ ಚರ್ಚೆ ನಡೆಯಿತು. ಹೊರಗೆ ವ್ಯಾನು ಹಾರ್ನ್ ಹೊಡೆಯುತ್ತಲೇ ಇತ್ತು. ಕೊನೆಗೆ ಮೀಟರಿನವನು ಬಂದು ನನ್ನ ಮುಂದೆ ನಿಂತ.

"ಬರಬೇಕು ಅಂತ ತೀರ್ಮಾನ ಆಯ್ತು ಸಾರ್. ಆರು ಜನ ಬೇಕು ಅಂದ್ರು, ಐದು ಜನ ಬೇಡ ಅಂದ್ರು."

"ಬೇಡ ಅಂದೋರು ಯಾಕೆ ಬೇಡ ಅಂದ್ರು?"

ಅವನು ಒಂದೊಂದಾಗಿ ಐದು ಕಾರಣ ಹೇಳಿದ. ನಾನು ನಿಂತುಕೊಂಡೇ ಕೇಳಿದೆ. ಐದೂ ಸರಿಯಾಗಿದ್ದವು. ನನ್ನ ಜೀವಮಾನದಲ್ಲಿ ನಾನು ಅಷ್ಟು ಹೆಮ್ಮೆಪಟ್ಟದ್ದಿಲ್ಲ.